ಗಡಿನಾಡಿನಿಂದ ಪಿಎಚ್‌ಡಿಗೆ: ನರ್ಸಿಂಗ್, ವಿಜ್ಞಾನ ಓದಿದ ಕಾಸರಗೋಡಿನವರಿಗೆ ಸಮಗ್ರ ಮಾರ್ಗದರ್ಶಿ

ಎಂ.ಎಸ್ಸಿ. ನರ್ಸಿಂಗ್ ಮುಗಿಸಿ ಮಂಗಳೂರಿನ ಯಾವುದೋ ಕಾಲೇಜಿನಲ್ಲಿ ಪಾಠ ಮಾಡುತ್ತ, ದಿನಾ ಬೆಳಗ್ಗೆ ಕುಂಬಳೆಯಲ್ಲೋ ಮಂಜೇಶ್ವರದಲ್ಲೋ ರೈಲು ಹತ್ತುವವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಪಿಎಚ್‌ಡಿಗೆ ಎಲ್ಲಿ ಸೇರುವುದು, ಕೇರಳದಲ್ಲೋ ಕರ್ನಾಟಕದಲ್ಲೋ?’ ರಸಾಯನ ವಿಜ್ಞಾನ, ಸಸ್ಯವಿಜ್ಞಾನ ಓದಿದವರದ್ದೂ ಅದೇ ಪ್ರಶ್ನೆ. ನನಗೆ ಕೇಳಿದರೆ ಇದು ಮೂರನೆಯ ಪ್ರಶ್ನೆ. ಮೊದಲನೆಯದು ಏನನ್ನು ಹುಡುಕುವುದು, ಎರಡನೆಯದು ಯಾರ ಕೈಕೆಳಗೆ. ಇವೆರಡು ತೀರ್ಮಾನವಾದರೆ ತಲಪಾಡಿ ಗಡಿಯ ಯಾವ ಕಡೆ ಎಂಬುದು ಮುಕ್ಕಾಲು ಪಾಲು ತಾನಾಗಿ ತೀರ್ಮಾನವಾಗುತ್ತದೆ. ಈ ಲೇಖನ ಅದೇ ಕ್ರಮದಲ್ಲಿದೆ.

ಅರ್ಹತೆ ಉಂಟೋ ನೋಡಿಕೊಳ್ಳಿ

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಪಿಎಚ್‌ಡಿ ನಿಯಮಾವಳಿ 2022ರ ನವೆಂಬರಿನಲ್ಲಿ ಹೊಸದಾಯಿತು. ಅದರ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು, ಆರ್ಥಿಕವಾಗಿ ದುರ್ಬಲರಾದವರಿಗೆ ಶೇ. 5ರಷ್ಟು ರಿಯಾಯಿತಿ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಇದ್ದವರೂ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು ಎಂಬ ಹೊಸ ಅವಕಾಶವೂ ಇದರಲ್ಲಿದೆ. ಬಿ.ಎಸ್ಸಿ. ನರ್ಸಿಂಗ್ ಕೂಡ ನಾಲ್ಕು ವರ್ಷದ ಕೋರ್ಸೇ ಅಲ್ಲವೇ, ಹಾಗಾದರೆ ಎಂ.ಎಸ್ಸಿ. ಯಾಕೆ ಎಂದು ಕೇಳುವವರಿದ್ದಾರೆ. ಆ ಆಸೆ ಬೇಡ. ನರ್ಸಿಂಗ್ ಪಿಎಚ್‌ಡಿಯ ಅಧಿಸೂಚನೆಗಳು ಎಂ.ಎಸ್ಸಿ. ನರ್ಸಿಂಗನ್ನೇ ಕೇಳುತ್ತವೆ, ಜೊತೆಗೆ ನರ್ಸಿಂಗ್ ಕೌನ್ಸಿಲಿನ ಚಾಲ್ತಿಯಲ್ಲಿರುವ ನೋಂದಣಿಯನ್ನೂ ಕೇಳುತ್ತವೆ. ಎಂ.ಫಿಲ್. ದಾರಿ ಈಗ ಇಲ್ಲ. ಅದೇ ನಿಯಮಾವಳಿ ಅದನ್ನು ನಿಲ್ಲಿಸಿದೆ.

ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದರೆ ಇನ್ನೆರಡು ವರ್ಷ. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆರಡು ವರ್ಷ, ಒಟ್ಟು 10 ವರ್ಷ ಮೀರುವಂತಿಲ್ಲ. ಹೆರಿಗೆ ಮತ್ತು ಮಕ್ಕಳ ಆರೈಕೆಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆ ಸಿಗುತ್ತದೆ. ನರ್ಸಿಂಗಿನಲ್ಲಿ ಹೆಣ್ಣುಮಕ್ಕಳೇ ಹೆಚ್ಚಾದ್ದರಿಂದ ಈ ಸಾಲನ್ನು ನಿಯಮಾವಳಿಯಲ್ಲೇ ಗುರುತು ಹಾಕಿ ಇಟ್ಟುಕೊಳ್ಳಿ. ಕೆಲವು ಕಚೇರಿಗಳಲ್ಲಿ ನಾವೇ ತೋರಿಸಿಕೊಡಬೇಕಾಗುತ್ತದೆ.

ಏನನ್ನು ಹುಡುಕುವುದು

ನರ್ಸಿಂಗಿನವರಿಗೆ ಮೊದಲೇ ಒಂದು ಮಾತು. ಎಂ.ಎಸ್ಸಿ.ಯಲ್ಲಿ ಮಾಡಿದ ‘ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ’ ಅನ್ನು ಹಿಗ್ಗಿಸಿ ಪಿಎಚ್‌ಡಿ ಮಾಡಲು ಹೋಗಬೇಡಿ. ಅರುವತ್ತು ಜನರಿಗೆ ಪ್ರೀ ಟೆಸ್ಟ್, ಒಂದು ಗಂಟೆ ಪಾಠ, ಏಳನೆಯ ದಿನ ಪೋಸ್ಟ್ ಟೆಸ್ಟ್, ತಿಳಿವಳಿಕೆ ಹೆಚ್ಚಿತು ಎಂಬ ತೀರ್ಮಾನ. ಪಾಠ ಮಾಡಿದರೆ ತಿಳಿವಳಿಕೆ ಹೆಚ್ಚುತ್ತದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ ಯಾರಿಗೂ ಬೇಕಾಗಿಲ್ಲ. ರೋಗಿಯ ಸ್ಥಿತಿಯಲ್ಲಿ ಏನು ಬದಲಾಯಿತು, ಆರು ತಿಂಗಳ ಮೇಲೂ ಆ ಬದಲಾವಣೆ ಉಳಿಯಿತೇ, ಯಾರಿಗೆ ಉಪಯೋಗವಾಗಲಿಲ್ಲ, ಯಾಕೆ ಆಗಲಿಲ್ಲ ಎಂದು ಕೇಳಿದರೆ ಪಿಎಚ್‌ಡಿಗೆ ತಕ್ಕ ಪ್ರಶ್ನೆಯಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಇಂಥ ಪ್ರಶ್ನೆಗಳಿಗೆ ಬರವಿಲ್ಲ. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಪರಿಣಾಮವನ್ನು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಸೇರಿ 11 ಪಂಚಾಯತುಗಳು ಇಂದಿಗೂ ಅನುಭವಿಸುತ್ತಿವೆ. 2011ರ ಮೇಯಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಮಣ್ಣು, ನೀರು, ರಕ್ತ ಎಲ್ಲವನ್ನೂ ಪರೀಕ್ಷಿಸಿದ ವರದಿಗಳಿವೆ. ನರ್ಸಿಂಗಿಗೆ ಉಳಿದಿರುವ ಕೆಲಸ ಬೇರೆ: ಇಪ್ಪತ್ತೈದು, ಮೂವತ್ತು ವರ್ಷವಾದ ಮಗನನ್ನು ಇಂದಿಗೂ ಎತ್ತಿ ಸ್ನಾನ ಮಾಡಿಸುವ ತಾಯಿಗೆ ಈಗ ಅರುವತ್ತು ದಾಟಿದೆ. ಅವಳ ಬೆನ್ನು, ನಿದ್ದೆ, ರಕ್ತದೊತ್ತಡ ಹೇಗಿದೆ? ಅವಳ ನಂತರ ಯಾರು? ಬಡ್ಸ್ ಶಾಲೆಗೆ (ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ ವಿಶೇಷ ಶಾಲೆಗೆ) ಹೋಗುವ ಮಕ್ಕಳ ಮನೆಗೂ, ಹೋಗಲಾಗದವರ ಮನೆಗೂ ವ್ಯತ್ಯಾಸ ಏನು? ಒಂದೇ ಎಚ್ಚರಿಕೆ: ಈ ಊರುಗಳ ಜನ ಸಮೀಕ್ಷೆಗಳಿಂದ ರೋಸಿಹೋಗಿದ್ದಾರೆ. ಬೇರೆಯವರು ಕೇಳಿದ್ದನ್ನೇ ಮತ್ತೆ ಕೇಳಲು ಫಾರಂ ಹಿಡಿದು ಹೋಗುವ ಮೊದಲು ಆಗಿರುವ ಅಧ್ಯಯನಗಳನ್ನೆಲ್ಲ ಓದಿ ಮುಗಿಸಿರಿ.

ಇನ್ನೊಂದು ಗಡಿಯದ್ದೇ ವಿಷಯ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಗಡಿ ಮುಚ್ಚಿದಾಗ, ಡಯಾಲಿಸಿಸ್ಸಿಗೂ ಹೆರಿಗೆಗೂ ಮಂಗಳೂರನ್ನೇ ನಂಬಿದ್ದ ಮಂಜೇಶ್ವರದ ಕಡೆಯವರು ದಾರಿ ಕಾಣದೆ ಕಂಗಾಲಾದದ್ದು ಎಲ್ಲರಿಗೂ ಗೊತ್ತು. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿನ ಕಟ್ಟಡ ಆ ಏಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು. ಗಡಿ ದಾಟಿ ಚಿಕಿತ್ಸೆ ಪಡೆಯುವವರ ಡಿಸ್‌ಚಾರ್ಜ್ ನಂತರದ ಆರೈಕೆ ಹೇಗೆ ನಡೆಯುತ್ತದೆ? ಮಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಬರೆದ ಸಾರಾಂಶ ಪೆರ್ಲದ ಆರೋಗ್ಯ ಕೇಂದ್ರದ ನರ್ಸಿಗೆ ತಲಪುತ್ತದೆಯೇ? ಇದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ.

ವಿಜ್ಞಾನದವರಿಗೆ ಅಡಿಕೆಯ ಹಳದಿ ಎಲೆ ರೋಗ, ಮುರಕಲ್ಲಿನ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗಗಳ ನೀರು, ಕಾಸರಗೋಡು ಗಿಡ್ಡ ತಳಿಯ ದನ, ಪಯಸ್ವಿನಿಯ ದಡದ ಸಸ್ಯಗಳು ಇವೆಲ್ಲ ಮನೆಯಂಗಳದಲ್ಲೇ ಇವೆ. ದೂರದ ಪ್ರಯೋಗಾಲಯಕ್ಕೆ ಹೋಗುವವರೂ ಇಲ್ಲಿನ ಮಾದರಿಗಳನ್ನೇ ಒಯ್ದರೆ ಪೈಪೋಟಿ ಕಡಿಮೆ.

ಯಾರ ಕೈಕೆಳಗೆ

ಗೈಡ್ ಹುಡುಕುವುದು ಸಂಬಂಧ ಕುದುರಿಸಿದ ಹಾಗೆ. ಜಾತಕ ಕೂಡಿದರೆ ಸಾಲದು, ಆ ಮನೆಯಲ್ಲಿ ಬಾಳಿದವರನ್ನು ವಿಚಾರಿಸಬೇಕು. ಜಾತಕದ ಭಾಗ ಸುಲಭ: ಕಾಯಂ ಅಧ್ಯಾಪಕರಾಗಿರಬೇಕು. ಪ್ರೊಫೆಸರ್ ಒಂದು ಕಾಲಕ್ಕೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಸಂಶೋಧಕರನ್ನು ಮಾತ್ರ ಇಟ್ಟುಕೊಳ್ಳಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಮುಖ್ಯವಾದದ್ದು ವಿಚಾರಿಸುವ ಭಾಗ. ಅವರಲ್ಲಿ ಪಿಎಚ್‌ಡಿ ಮುಗಿಸಿದ ಇಬ್ಬರನ್ನು, ನಡುವೆ ಬಿಟ್ಟ ಒಬ್ಬರನ್ನಾದರೂ ಹುಡುಕಿ ಮಾತಾಡಿಸಿ. ಅಧ್ಯಾಯ ಕೊಟ್ಟರೆ ಎಷ್ಟು ದಿನದಲ್ಲಿ ತಿದ್ದಿ ಕೊಡುತ್ತಾರೆ? ಪತ್ರಿಕೆಗೆ ಕಳಿಸುವ ಲೇಖನದಲ್ಲಿ ಮೊದಲ ಹೆಸರು ಯಾರದ್ದು? ಮನೆಗೆಲಸ, ಸಮ್ಮೇಳನದ ಬ್ಯಾನರ್ ಕೆಲಸ ಎಲ್ಲ ಯಾರ ತಲೆಗೆ? ಬಿಟ್ಟುಹೋದವರ ಮಾತಿನಲ್ಲಿ ಸ್ವಲ್ಪ ಕಹಿ ಇರುತ್ತದೆ, ಅದನ್ನು ಕಳೆದು ಕೇಳಿದರೂ ಉಳಿಯುವುದು ಬೇಕಾದಷ್ಟು.

ಮೊದಲ ಇಮೇಲ್ ಒಂದು ಪುಟ ಮೀರಬಾರದು. ನಿಮ್ಮ ಪ್ರಶ್ನೆ ಎರಡು ವಾಕ್ಯದಲ್ಲಿ, ಅವರ ಯಾವ ಪ್ರಬಂಧ ಓದಿ ಬರೆಯುತ್ತಿದ್ದೀರಿ ಎಂಬುದು ಒಂದು ವಾಕ್ಯದಲ್ಲಿ, ನಿಮಗೆ ತುಳು, ಮಲಯಾಳ, ಕನ್ನಡ ಮೂರೂ ಬರುತ್ತದೆ ಎಂಬುದು ಇನ್ನೊಂದರಲ್ಲಿ. ಆ ಕೊನೆಯದ್ದನ್ನು ನಮ್ಮವರು ಬರೆಯುವುದೇ ಇಲ್ಲ, ಅದು ಅರ್ಹತೆ ಎಂದು ಅವರಿಗೆ ತೋರುವುದೂ ಇಲ್ಲ. ಜನರ ನಡುವೆ ಮಾಡುವ ಸಂಶೋಧನೆಯಲ್ಲಿ ಅದಕ್ಕಿಂತ ದೊಡ್ಡ ಅರ್ಹತೆ ನನಗೆ ಕಂಡಿಲ್ಲ.

ಯಾವ ವಿಶ್ವವಿದ್ಯಾಲಯ

ನರ್ಸಿಂಗಿಗೆ ಈಚೆ ಕಡೆ ತ್ರಿಶೂರಿನ ಕೇರಳ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಆಚೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಮಂಗಳೂರಿನ ಸುತ್ತ ನಿಟ್ಟೆ, ಯೆನೆಪೋಯ, ಉಡುಪಿ ಕಡೆ ಮಣಿಪಾಲ ಎಂಬ ಡೀಮ್ಡ್ ವಿಶ್ವವಿದ್ಯಾಲಯಗಳು. ಇದಲ್ಲದೆ ಭಾರತೀಯ ನರ್ಸಿಂಗ್ ಕೌನ್ಸಿಲ್ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಜೊತೆ ಸೇರಿ ನಡೆಸುತ್ತ ಬಂದ ರಾಷ್ಟ್ರೀಯ ಪಿಎಚ್‌ಡಿ ಕನ್ಸೋರ್ಷಿಯಂ (ಒಕ್ಕೂಟ) ಇದೆ. ಡೀಮ್ಡ್‌ನಲ್ಲಿ ಶುಲ್ಕ ಹೆಚ್ಚು, ಮನೆಯಿಂದ ಓಡಾಡುವುದು ಸುಲಭ. ಸರಕಾರಿ ವಿಶ್ವವಿದ್ಯಾಲಯದಲ್ಲಿ ಶುಲ್ಕ ಕಡಿಮೆ, ಪ್ರಯಾಣ ಹೆಚ್ಚು. ಐದಾರು ವರ್ಷದ ಶುಲ್ಕ, ಪ್ರಬಂಧ ಸಲ್ಲಿಕೆಯ ಶುಲ್ಕ, ವಿಸ್ತರಣೆಯ ಶುಲ್ಕ ಎಲ್ಲ ಕೂಡಿಸಿ ಕಾಗದದ ಮೇಲೆ ಬರೆದು ನೋಡಿ. ಮೊದಲ ವರ್ಷದ್ದೊಂದನ್ನೇ ನೋಡಿ ಸೇರಬೇಡಿ.

ವಿಜ್ಞಾನಕ್ಕೆ ಪೆರಿಯದಲ್ಲಿ 2009ರಲ್ಲಿ ಶುರುವಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯೊಳಗೇ ಇದೆ. ಜೀವರಸಾಯನ, ಜೀನೋಮ್ ವಿಜ್ಞಾನ, ಸಸ್ಯವಿಜ್ಞಾನ, ಪರಿಸರ ವಿಜ್ಞಾನ, ರಸಾಯನ, ಭೌತವಿಜ್ಞಾನದ ಜೊತೆ ಸಾರ್ವಜನಿಕ ಆರೋಗ್ಯ ವಿಭಾಗವೂ ಉಂಟು. ಸಮುದಾಯ ಆರೋಗ್ಯದ ಕಡೆ ಒಲವಿರುವ ನರ್ಸುಗಳು ಅದರ ಅಧಿಸೂಚನೆಯಲ್ಲಿ ಅರ್ಹತೆಯ ಸಾಲನ್ನು ಓದಿ ನೋಡುವುದು ಒಳ್ಳೆಯದು. ಅದರಾಚೆ ಕಣ್ಣೂರು ವಿಶ್ವವಿದ್ಯಾಲಯ, ಉತ್ತರಕ್ಕೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಹುಟ್ಟಿದ, ಕಾಸರಗೋಡಿನ ಸಿಪಿಸಿಆರ್‌ಐಯಲ್ಲಿ (ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ) ಯೋಜನೆಗಳಿಗೆ ಬೇಕಾದ ಸಂಶೋಧನಾ ಸಹಾಯಕರ ಹುದ್ದೆಗಳು ಆಗಾಗ ಪ್ರಕಟವಾಗುತ್ತವೆ. ಒಂದು ವರ್ಷ ಅಲ್ಲಿ ಕೆಲಸ ಮಾಡಿದವರು ಪಿಎಚ್‌ಡಿ ಸಂದರ್ಶನದಲ್ಲಿ ಮಾತಾಡುವ ರೀತಿಯೇ ಬೇರೆ ಇರುತ್ತದೆ.

ಪ್ರವೇಶ ಪರೀಕ್ಷೆ ಮತ್ತು ಹಣ

ವಿಜ್ಞಾನದವರಿಗೆ ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ. 2024ರ ಜೂನಿನಿಂದ ನೆಟ್ ಫಲಿತಾಂಶ ಮೂರು ವರ್ಗದಲ್ಲಿ ಬರುತ್ತದೆ: ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಹಿತ, ಅಸಿಸ್ಟೆಂಟ್ ಪ್ರೊಫೆಸರ್ ಮತ್ತು ಪಿಎಚ್‌ಡಿ ಪ್ರವೇಶ, ಪಿಎಚ್‌ಡಿ ಪ್ರವೇಶ ಮಾತ್ರ. ಕೊನೆಯ ಎರಡರಲ್ಲಿ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ, ಅಂಕ ಒಂದು ವರ್ಷಕ್ಕೆ ಮಾತ್ರ ಸಲ್ಲುತ್ತದೆ. ನೆಟ್‌ನಲ್ಲಿ ನರ್ಸಿಂಗ್ ವಿಷಯವೇ ಇಲ್ಲ. ಆದ್ದರಿಂದ ನರ್ಸಿಂಗಿನವರು ವಿಶ್ವವಿದ್ಯಾಲಯದ ಸ್ವಂತ ಪರೀಕ್ಷೆ ಬರೆಯಬೇಕು. ಅದರಲ್ಲಿ ಅರ್ಧ ಸಂಶೋಧನಾ ವಿಧಾನ, ಅರ್ಧ ವಿಷಯ. ಸಂಖ್ಯಾಶಾಸ್ತ್ರವನ್ನು ಬಿಟ್ಟು ಹೋದವರು ಅಲ್ಲೇ ಸೋಲುತ್ತಾರೆ.

ಹಣದ ಲೆಕ್ಕದಲ್ಲೂ ಇಲ್ಲೇ ವ್ಯತ್ಯಾಸ. ಜೆಆರ್‌ಎಫ್ ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಮೇಲೆ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆಗಿ 42,000 ರೂಪಾಯಿ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಜೆಆರ್‌ಎಫ್ ಇಲ್ಲದವರಿಗೆ ಯುಜಿಸಿಯ ನಾನ್-ನೆಟ್ ಫೆಲೋಶಿಪ್ 8,000. ಒಡಹುಟ್ಟಿದವರಿಲ್ಲದ ಹೆಣ್ಣುಮಗಳಾದರೆ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ಪಿಗೆ ಅರ್ಜಿ ಹಾಕಿ, ಪೂರ್ಣಾವಧಿ ಪಿಎಚ್‌ಡಿ ಆಗಿರಬೇಕು. ನರ್ಸಿಂಗಿನ ಹೆಚ್ಚಿನವರು ಅರೆಕಾಲಿಕವಾಗಿ, ಸಂಬಳದ ಮೇಲೆಯೇ ಮಾಡುವುದು. ಅದಕ್ಕೆ ಕೆಲಸದ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು. ಕೋರ್ಸ್‌ವರ್ಕಿಗೆ (ಸೇರಿದ ಮೇಲಿನ ಕಡ್ಡಾಯ ತರಗತಿಗಳಿಗೆ) ಬಿಡುವು ಕೊಡುತ್ತೇವೆ ಎಂಬ ಮಾತು ಅದರಲ್ಲೇ ಬರೆಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಪ್ರಾಂಶುಪಾಲರು ಬದಲಾದ ದಿನ ಹೋಗುತ್ತದೆ.

ಗಡಿಯ ಕಾಗದಪತ್ರ

ನಮ್ಮವರು ಹೆಚ್ಚು ಸುಸ್ತಾಗುವುದು ಇಲ್ಲಿ. ಒಂದು ರಾಜ್ಯದ ಜಾತಿ ಪ್ರಮಾಣಪತ್ರದಿಂದ ಇನ್ನೊಂದು ರಾಜ್ಯದ ಮೀಸಲಾತಿ ಸಿಗುವುದಿಲ್ಲ. ಮನೆ ಪೈವಳಿಕೆಯಲ್ಲಿದ್ದರೆ ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯದಲ್ಲಿ ನೀವು ಸಾಮಾನ್ಯ ವರ್ಗ ಎಂದುಕೊಂಡೇ ತಯಾರಾಗಿ. ವೃತ್ತಿಪರ ಕೋರ್ಸುಗಳಲ್ಲಿ ಇರುವ ಗಡಿನಾಡ ಕನ್ನಡಿಗರ ಕೋಟಾ ಪಿಎಚ್‌ಡಿಗೂ ಇರುತ್ತದೆ ಎಂದು ನಂಬಿ ಕೂರಬೇಡಿ, ಆಯಾ ಅಧಿಸೂಚನೆ ಏನು ಹೇಳುತ್ತದೋ ಅದೇ ಸರಿ. ಪೆರಿಯದಲ್ಲಾದರೆ ಕೇಂದ್ರದ ಪಟ್ಟಿ. ಹಿಂದುಳಿದ ವರ್ಗದವರು ಕೇಂದ್ರದ ನಮೂನೆಯಲ್ಲೇ, ಆ ವರ್ಷದ್ದೇ ಪ್ರಮಾಣಪತ್ರ ಮಾಡಿಸಬೇಕು, ರಾಜ್ಯದ ನಮೂನೆ ನಡೆಯುವುದಿಲ್ಲ. ಮಲಯಾಳದಲ್ಲಿರುವ ಪ್ರಮಾಣಪತ್ರ ಒಯ್ದು ಬೆಂಗಳೂರಿನ ಕೌಂಟರಿನಲ್ಲಿ ನಿಂತರೆ ಕೆಲಸ ಆಗುವುದಿಲ್ಲ, ಮೊದಲೇ ಇಂಗ್ಲಿಷಿನಲ್ಲಿ ಕೇಳಿ ಪಡೆಯಿರಿ.

ನರ್ಸಿಂಗ್ ನೋಂದಣಿ ಇನ್ನೊಂದು ಗಂಟು. ಮಂಗಳೂರಿನಲ್ಲಿ ಓದಿದವರದ್ದು ಕರ್ನಾಟಕ ಕೌನ್ಸಿಲಿನ ನೋಂದಣಿ. ಕೇರಳದ ಆಸ್ಪತ್ರೆಯಲ್ಲಿ ಕೆಲಸ ಮಾಡುವುದಾದರೆ ಕೇರಳ ಕೌನ್ಸಿಲಿನಲ್ಲಿ ಪರಸ್ಪರ ನೋಂದಣಿ ಬೇಕು, ಅದು ವಾರದಲ್ಲಿ ಮುಗಿಯುವ ಕೆಲಸವಲ್ಲ. ನಿಮ್ಮ ಅಧ್ಯಯನದಲ್ಲಿ ರೋಗಿಯ ಮೈ ಮುಟ್ಟುವ ಆರೈಕೆ ಇದ್ದರೆ ಅದು ನಡೆಯುವ ರಾಜ್ಯದ ನೋಂದಣಿ ಇಟ್ಟುಕೊಳ್ಳುವುದೇ ಕ್ಷೇಮ. ವಿಶ್ವವಿದ್ಯಾಲಯ ಬದಲಾಯಿಸುವವರು ಮೈಗ್ರೇಷನ್ ಪ್ರಮಾಣಪತ್ರಕ್ಕೂ ಆಗಲೇ ಅರ್ಜಿ ಹಾಕಿಬಿಡಿ.

ಸೇರಿದ ಮೇಲೆ: ಸಿನಾಪ್ಸಿಸ್

ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಅದರಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿಶಾಸ್ತ್ರ ಕಡ್ಡಾಯ. ಶೇ. 55 ಬರಬೇಕು. ಹೆಚ್ಚು ಹೇಳುವಂಥದ್ದಿಲ್ಲ, ತಪ್ಪಿಸದೆ ಹೋಗಿ. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರಗತಿ ತೋರಿಸಬೇಕು.

ಸಿನಾಪ್ಸಿಸ್‌ನಲ್ಲಿ, ಅಂದರೆ ಸಂಶೋಧನೆಯ ಯೋಜನೆ ಬರೆದು ಕೊಡುವ ಬರಹದಲ್ಲಿ, ಸಮಿತಿಯವರು ಮೊದಲು ಕೈ ಹಾಕುವುದು ಸ್ಯಾಂಪಲ್ ಗಾತ್ರಕ್ಕೆ. ಒಂದು ಲೆಕ್ಕ ಮಾಡಿ ನೋಡೋಣ. ಆರೈಕೆ ಮಾಡುವವರಲ್ಲಿ ಎಷ್ಟು ಪಾಲು ಜನರಿಗೆ ತೀವ್ರ ಹೊರೆ ಇದೆ ಎಂದು ಗೊತ್ತಿಲ್ಲದಿದ್ದರೆ ಶೇ. 50 ಎಂದು ಹಿಡಿಯುವುದು ರೂಢಿ, ಏಕೆಂದರೆ ಅತಿ ದೊಡ್ಡ ಗಾತ್ರ ಬರುವುದು ಅದರಿಂದಲೇ. ಶೇ. 95 ವಿಶ್ವಾಸಕ್ಕೆ 1.96ರ ವರ್ಗ 3.84. ಅದನ್ನು 0.5 ಮತ್ತು 0.5ರಿಂದ ಗುಣಿಸಿ, ಶೇ. 5 ತಪ್ಪಿನ ವರ್ಗವಾದ 0.0025ರಿಂದ ಭಾಗಿಸಿದರೆ 384. ಮನೆ ಮನೆ ಆರಿಸದೆ ವಾರ್ಡು ವಾರ್ಡಾಗಿ ಆರಿಸುವುದಾದರೆ ವಿನ್ಯಾಸದ ಪರಿಣಾಮ ಎಂದು 1.5ರಿಂದ ಗುಣಿಸಬೇಕು, 576 ಆಯಿತು. ಹತ್ತರಲ್ಲಿ ಒಬ್ಬರು ಒಪ್ಪಲಿಕ್ಕಿಲ್ಲ ಎಂದು 0.9ರಿಂದ ಭಾಗಿಸಿದರೆ 640. ಬೆಳ್ಳೂರಿನ ಗುಡ್ಡ ಹತ್ತಿ ಇಳಿದು ದಿನಕ್ಕೆ ನಾಲ್ಕು ಮನೆ ಎಂದರೂ 160 ದಿನದ ಕೆಲಸ, ಮಳೆಗಾಲ ಬಿಟ್ಟು. ಈ ಲೆಕ್ಕ ಮೊದಲೇ ಮಾಡಿದ್ದರೆ ಪ್ರಶ್ನೆಯನ್ನು ಚಿಕ್ಕದು ಮಾಡುವ ಬುದ್ಧಿ ಬರುತ್ತದೆ.

ಮಾಪನವೂ ಭಾಷೆಯೂ

ಆರೈಕೆಯ ಹೊರೆ ಅಳೆಯಲು ಜಾರಿಟ್ ಮಾಪನ ಬಹಳ ಬಳಕೆಯಲ್ಲಿದೆ. 22 ಪ್ರಶ್ನೆ, ಪ್ರತಿಯೊಂದಕ್ಕೆ 0ರಿಂದ 4, ಒಟ್ಟು 88. ಇಂಥವಕ್ಕೆ ಹಕ್ಕುಸ್ವಾಮ್ಯ ಇರುತ್ತದೆ, ಅನುಮತಿ ಪಡೆದು ಅದರ ಪ್ರತಿಯನ್ನು ಅನುಬಂಧದಲ್ಲಿ ಸೇರಿಸಿ. ಆಮೇಲೆ ಭಾಷಾಂತರ: ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಬೇಕು, ಎರಡನ್ನೂ ಹೊಂದಿಸಬೇಕು, ಮೂಲ ನೋಡದ ಇನ್ನಿಬ್ಬರು ತಿರುಗಿ ಇಂಗ್ಲಿಷಿಗೆ ಒಯ್ಯಬೇಕು, ತಜ್ಞರ ಸಮಿತಿ ಕೂತು ನೋಡಬೇಕು, ಕೊನೆಗೆ ಮೂವತ್ತು ನಲವತ್ತು ಜನರ ಮೇಲೆ ಪರೀಕ್ಷೆ. ಕನ್ನಡ ಒಂದೇ ಆದರೆ ಇಷ್ಟು. ಸಪ್ತಭಾಷೆಯ ಜಿಲ್ಲೆಯಲ್ಲಿ ಮಲಯಾಳಕ್ಕೂ ತುಳುವಿಗೂ ಇದೆಲ್ಲ ಮತ್ತೆ ಆಗಬೇಕು. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟು ಓದಿ ಹೇಳಿ. ಸ್ಥಳದಲ್ಲೇ ಬಾಯಿಗೆ ಬಂದಂತೆ ತುಳುವಿಗೆ ತಿರುಗಿಸಿ ಕೇಳಿದರೆ ಪ್ರತಿ ಮನೆಯಲ್ಲೂ ಪ್ರಶ್ನೆ ಬೇರೆಯಾಗುತ್ತದೆ, ಉತ್ತರ ಹೋಲಿಸಲು ಆಗುವುದಿಲ್ಲ.

ಪ್ರಶ್ನೆಗಿಂತ ಕಷ್ಟ ಉತ್ತರದ ಮೆಟ್ಟಿಲುಗಳದ್ದು. ‘ಎಂದೂ ಇಲ್ಲ’ದಿಂದ ‘ಹೆಚ್ಚುಕಡಿಮೆ ಯಾವಾಗಲೂ’ವರೆಗೆ ಐದು ಮೆಟ್ಟಿಲು ಕಾಗದದಲ್ಲಿ ಚೆಂದ. ಜಗಲಿಯಲ್ಲಿ ಕೂತ ಹಿರಿಯ ಅಮ್ಮ ಹೇಳುವುದು ‘ಉಂಟು’ ಅಥವಾ ‘ಇಲ್ಲಪ್ಪ’. ಖಾಲಿಯಿಂದ ತುಂಬಿದ ತನಕ ಐದು ಲೋಟಗಳ ಚಿತ್ರ ಇರುವ ಒಂದು ಕಾರ್ಡು ಮಾಡಿಸಿ ಬೆರಳಿಟ್ಟು ತೋರಿಸಲು ಹೇಳಿ, ಮತ್ತು ಆ ಕಾರ್ಡನ್ನೂ ಪೈಲಟ್ ಹಂತದಲ್ಲೇ ಪರೀಕ್ಷಿಸಿ.

ನೀತಿ ಸಮಿತಿ, ಅನುಮತಿ

ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ರಾಷ್ಟ್ರೀಯ ನೀತಿ ಮಾರ್ಗಸೂಚಿ ಕೈಯಲ್ಲಿರಲಿ. ಒಪ್ಪಿಗೆ ಪತ್ರ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದಲು ಬಾರದವರ ಹೆಬ್ಬೆಟ್ಟಿನ ಜೊತೆ, ಸಂಶೋಧನಾ ತಂಡಕ್ಕೆ ಸಂಬಂಧವಿಲ್ಲದ, ಓದಬಲ್ಲ ಸಾಕ್ಷಿಯ ಸಹಿ ಬೇಕು. ಆಶಾ ಕಾರ್ಯಕರ್ತೆ ಮನೆ ತೋರಿಸಲಿ, ಸಾಕ್ಷಿ ಆಗುವುದು ಬೇಡ, ಅವಳ ಮುಂದೆ ಬೇಡ ಎನ್ನಲು ಜನರಿಗೆ ಸಂಕೋಚ. ಕೊರಗ ಸಮುದಾಯದ ನಡುವೆ ಅಧ್ಯಯನವಾದರೆ ಪರಿಶಿಷ್ಟ ಪಂಗಡ ಇಲಾಖೆಯ ಅನುಮತಿಗೂ ಸಮುದಾಯದ ಹಿರಿಯರ ಒಪ್ಪಿಗೆಗೂ ಸಮಯ ಇಟ್ಟುಕೊಳ್ಳಿ.

ಕರ್ನಾಟಕದ ವಿಶ್ವವಿದ್ಯಾಲಯದ ನೀತಿ ಸಮಿತಿ ಒಪ್ಪಿದರೂ ಕಾಸರಗೋಡಿನ ಸರಕಾರಿ ಆಸ್ಪತ್ರೆಯ ಬಾಗಿಲು ತಾನಾಗಿ ತೆರೆಯುವುದಿಲ್ಲ. ಅದಕ್ಕೆ ಕೇರಳದ ಆರೋಗ್ಯ ಇಲಾಖೆಯ ಅನುಮತಿ ಬೇರೆ. ಎರಡಕ್ಕೂ ಒಂದೇ ಸಮಯದಲ್ಲಿ ಅರ್ಜಿ ಹಾಕಿ. ಚಿಕಿತ್ಸೆಯನ್ನೋ ಆರೈಕೆಯ ಹೊಸ ಕ್ರಮವನ್ನೋ ಪರೀಕ್ಷಿಸುವುದಾದರೆ ಸಿಟಿಆರ್‌ಐಯಲ್ಲಿ (ದೇಶದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪುಸ್ತಕದಲ್ಲಿ) ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ನೋಂದಣಿ ಆಗಬೇಕು. 2018ರ ಏಪ್ರಿಲಿನ ನಂತರ ಹಿಂದಿನಿಂದ ನೋಂದಣಿ ಇಲ್ಲ.

ಪ್ರಯೋಗಾಲಯದವರಿಗೆ ಪ್ರಾಣಿಗಳ ಮೇಲಿನ ಪ್ರಯೋಗವಾದರೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿ, ಕಾಡಿನಿಂದ ಗಿಡ ತರುವುದಾದರೆ ಅರಣ್ಯ ಇಲಾಖೆ. ಸುರಂಗದ ನೀರಿನಂಥ ವಿಷಯಕ್ಕೆ ಮುಂಗಾರು, ಹಿಂಗಾರು, ಬೇಸಗೆ ಮೂರರ ಮಾದರಿ ಬೇಕು. ಅನುಮತಿ ಒಂದು ತಿಂಗಳು ತಡವಾಗಿ ಮುಂಗಾರು ತಪ್ಪಿದರೆ ಹೋಗುವುದು ತಿಂಗಳಲ್ಲ, ವರ್ಷ.

ಬರೆಯುವುದು, ಸಲ್ಲಿಸುವುದು

ಉಲ್ಲೇಖಗಳಿಗೆ ಮೊದಲ ದಿನದಿಂದ ಜೊಟೆರೊ ಎಂಬ ತಂತ್ರಾಂಶ ಬಳಸಿ, ಉಚಿತ. ಹಳೆಯ ಪ್ರಬಂಧಗಳಿಗೆ ಶೋಧಗಂಗಾ ಎಂಬ ಜಾಲತಾಣ ತೆರೆದು ನಿಮ್ಮ ಗೈಡಿನ ಹಿಂದಿನ ವಿದ್ಯಾರ್ಥಿಗಳದ್ದನ್ನು ಓದಿ, ಅವರ ರುಚಿ ಗೊತ್ತಾಗುತ್ತದೆ. 2018ರ ನಿಯಮದಂತೆ ಕೃತಿಚೌರ್ಯ ಶೇ. 10ರವರೆಗೆ ದಂಡವಿಲ್ಲ, 40ರವರೆಗೆ ತಿದ್ದಿ ಮತ್ತೆ ಕೊಡಬೇಕು, 60ರವರೆಗೆ ಒಂದು ವರ್ಷ ತಡೆ, ಅದರ ಮೇಲೆ ನೋಂದಣಿಯೇ ರದ್ದು. ಪತ್ರಿಕೆಯಲ್ಲಿ ಲೇಖನ ಪ್ರಕಟಿಸಲೇಬೇಕು ಎಂಬುದು ಯುಜಿಸಿಯ 2022ರ ನಿಯಮದಲ್ಲಿ ಇಲ್ಲ, ಆದರೆ ನಿಮ್ಮ ವಿಶ್ವವಿದ್ಯಾಲಯದ ನಿಯಮದಲ್ಲಿ ಇರಬಹುದು, ಓದಿ. ಒಪ್ಪಿತ ಸಂಶೋಧನಾ ಪತ್ರಿಕೆಗಳ ಯುಜಿಸಿ ಕೇರ್ ಪಟ್ಟಿ 2025ರಲ್ಲಿ ನಿಂತಿದೆ. ಅದರ ಹೆಸರು ಹೇಳಿ ಇನ್ನೂ ದುಡ್ಡು ಕೇಳುವ ಪತ್ರಿಕೆಗಳಿಂದ ದೂರ ಇರಿ.

ಮೌಲ್ಯಮಾಪನಕ್ಕೆ ಹೊರಗಿನ ಇಬ್ಬರು ಪರೀಕ್ಷಕರಾದರೂ ಇರುತ್ತಾರೆ, ಆಮೇಲೆ ಮೌಖಿಕ ಪರೀಕ್ಷೆ. ಪದವಿ ಪತ್ರಕ್ಕೆ ಮೊದಲು ಸಿಗುವ ತಾತ್ಕಾಲಿಕ ಪ್ರಮಾಣಪತ್ರದಲ್ಲಿ ‘ಯುಜಿಸಿ ನಿಯಮಾವಳಿಯಂತೆ’ ಎಂಬ ಸಾಲು ಇದೆಯೇ ನೋಡಿ, ಇಲ್ಲದಿದ್ದರೆ ಅಲ್ಲೇ ಕೇಳಿ ಹಾಕಿಸಿ. ಹೆಸರನ್ನೂ ನೋಡಿ. ಕೇರಳದ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಸರಿನ ಹಿಂದೆ ಇದ್ದ ಇನಿಶಿಯಲ್ಲು ಕರ್ನಾಟಕದ ಪದವಿಯಲ್ಲಿ ಮುಂದೆ ಬಂದಿದ್ದರೆ, ಅದನ್ನು ಸರಿಮಾಡಿಸಲು ಸುಲಭವಾದ ಕಾಲ ಪ್ರಬಂಧ ಸಲ್ಲಿಸುವ ಮೊದಲು.